ಎಲ್ಲರಿಗೂ ಒಂದನೇ ನಂಬರು

ಧೋತರ ಹಿಂಡುವುದಕ್ಕೆ ಇಬ್ಬರು ಬೇಕು. ಒಬ್ಬರು ಈ ಕಡೆ ತಿರುವಿದರೆ ಇನ್ನೊಬ್ಬರು ಆ ಕಡೆ ತಿರುವಬೇಕು. ಬೈಲಹೊಂಗಲದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಆದರೆ ವೆಂಕಣ್ಣ ಹೆಂಡತಿ ಯಾವ ಕಡೆ ತಿರುವುತ್ತಾಳೆಂದು ನೋಡಿ, ಆಕೆಯ ಮನಸ್ಸಿಗೆ ನೋವಾಗಬಾರದೆಂದು ತಾನೂ ಅದೇ ಕಡೆ ತಿರುವುತ್ತಿದ್ದ. ಹಿತ್ತಲಿನಲ್ಲಿ ಆ ಉದ್ದನೆಯ ಧೋತರ ಒಂದು ಹನಿ ನೀರನ್ನೂ ಬಿಡದೆ, ಇಬ್ಬರ ನಡುವೆ ಸುಮ್ಮನೆ ಗಿರಗಿರ ತಿರುಗುತ್ತಿತ್ತು.

“ಆ ಕಡೆ ತಿರುವ್ರಿ ಅಂದ್ರ!” ಎಂದಳು ಇಂದಿರಾಬಾಯಿ.

“ನೀ ತಿರುವಿದ ಕಡೇನ ತಿರುವ್ಲಿಕ್ಕೆ ಹತ್ತೇನಲ್ಲ.”

“ನನ್ನ ಕಡೆ ಅಲ್ರಿ, ನಿಮ್ಮ ಕಡೆ ತಿರುವ್ರಿ!”

ತನ್ನ ಕಡೆ ಎನ್ನುವುದೊಂದು ಇದೆಯೆಂದು ವೆಂಕಣ್ಣನಿಗೆ ಇಷ್ಟು ವಯಸ್ಸಾದರೂ ಯಾರೂ ಹೇಳಿರಲಿಲ್ಲ. ಅವನು ಧೋತರ ಹಿಡಿದುಕೊಂಡೇ ವಿಚಾರ ಮಾಡತೊಡಗಿದ.

“ಅದಿರ್ಲಿ. ಆ ಕಾಗದ ಇವತ್ತರೆ ಅಂಚಿಗೆ ಹಾಕ್ತೀರೇನು?” ಎಂದು ಇಂದಿರಾಬಾಯಿ ಗೂಟಕ್ಕೆ ತೂಗುಬಿದ್ದ ಕರಿಯ ಕೋಟಿನ ಕಡೆ ಕಣ್ಣು ಮಾಡಿದಳು. “ಮುನವಳ್ಳಿಯವರು ತಮ್ಮ ಮಗಳ ಜಾತಕ ಹಿಡಕೊಂಡು ರಾಮದುರ್ಗಕ್ಕ ಹೋಗಿ ಬಂದಾರಂತ. ನಮ್ಮ ತಾರಾನ ನಸೀಬು ನಿಮ್ಮ ಕಿಸೇದಾಗ ಮುಗ್ಗ ಹತ್ಲಿಕ್ಕೆ ಹತ್ತೇದ.”

ಕಾಗದದ ಕಥೆ ಹೀಗಿತ್ತು. ದೀಪಾವಳಿ ಮುಗಿದ ಮೇಲೆ ರಾಮದುರ್ಗದಿಂದ ನೀಲಕಂಠ ಮಾಸ್ತರರು ಮಗನನ್ನು ಕರೆದುಕೊಂಡು ವೆಂಕಣ್ಣನ ಮಗಳು ತಾರಾಳನ್ನು ನೋಡಲು ಬಂದಿದ್ದರು. ಹುಡುಗ ಸವದತ್ತಿಯ ಕಚೇರಿಯೊಂದರಲ್ಲಿ ಕಾರಕೂನ. ಅವನಿಗೆ ಹುಡುಗಿ ಒಪ್ಪಿಗೆಯಾದಳು. ಹುಡುಗಿಗೂ ಅವನು ಒಪ್ಪಿಗೆಯಾದನೆಂದು ಆಕೆ ಅಂದಿನಿಂದ ಹಾಡು ಗುನುಗುತ್ತ ಪಾತ್ರೆ ತಿಕ್ಕುವುದರ ಮೇಲೆ ತಿಳಿದಿತ್ತು. ‘ನಮ್ಮ ಕಡೆಯಿಂದ ಒಪ್ಪಿಗೆ. ತಮ್ಮ ಒಪ್ಪಿಗೆಯ ಪತ್ರ ಬಂದ ಕೂಡಲೆ ಮುಂದಿನ ಮಾತು’ ಎಂದು ಮಾಸ್ತರರು ಬರೆದರು. ವೆಂಕಣ್ಣ ಮರುದಿನವೇ ಉತ್ತರ ಬರೆದ. ಇಂದಿರಾಬಾಯಿ ಅದರ ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿದಳು. ಉಳಿದದ್ದು ಒಂದೇ: ಹೆಸರಿನ ಕೆಳಗೆ ಹುದ್ದೆ ಬರೆಯುವುದು.

ಅಲ್ಲೇ ಗಾಡಿ ಹೂತು ನಿಂತಿತ್ತು. ಅಂದು ಊಟಕ್ಕೆ ಕೂತಾಗ ಮಾಸ್ತರರು “ನಾ ಅಲ್ಲೆ ಸಾಲಿ ಹೆಡ್‌ಮಾಸ್ತರ. ತಾವು ಫ್ಯಾಕ್ಟರಿಯೊಳಗ ಏನಾಗಿದ್ದೀರಿ?” ಎಂದು ಕೇಳಿದ್ದರು. ಆ ‘ಹೆಡ್’ ಎಂಬ ಮಾತು ಎಲೆಯ ಮೇಲೆ ಬಿದ್ದ ಭಾರಕ್ಕೆ ವೆಂಕಣ್ಣನ ‘ದಿವಾನಜಿ’ ಗಂಟಲಲ್ಲೇ ಕುಗ್ಗಿತು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಲೆಕ್ಕದ ಕಿರ್ದಿ ಬರೆದ ದಿವಾನಜಿ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು, “ಮ್ಯಾನೇಜರ” ಎಂದುಬಿಟ್ಟ. ಇದು ಪೂರ್ತಿ ಸುಳ್ಳೂ ಅಲ್ಲ. ಮಾಲಕರಾದ ರಾಮಲಿಂಗಪ್ಪ ಸಾವ್ಕಾರರು ಹಿಂದೊಂದು ದಸರೆಯಲ್ಲಿ ಬನ್ನಿ ಕೊಡುವಾಗ “ನಿಮ್ಮನ್ನ ಮ್ಯಾನೇಜರ ಮಾಡೂಣ ತಗೋರಿ” ಎಂದಿದ್ದರು. ಅವರು ಮಾಡಲಿ, ಆಮೇಲೆ ಬರೆದು ಹಾಕೋಣ, ಆಗ ಸುಳ್ಳು ತಾನಾಗಿಯೇ ಖರೆಯಾಗುತ್ತದೆ ಎಂಬುದು ವೆಂಕಣ್ಣನ ಲೆಕ್ಕ. ಕಾಗದ ಕೋಟಿನ ಒಳಕಿಸೆಯಲ್ಲಿ ಕೂತಿತು. ಕುಂಕುಮ ಮಾಸಿದಾಗೊಮ್ಮೆ ಇಂದಿರಾಬಾಯಿ ತೆಗೆದು ಹೊಸದಾಗಿ ಹಚ್ಚಿ ಮತ್ತೆ ಇಡುತ್ತಿದ್ದಳು.

“ಹಾಕ್ತೇನಿ, ಇವತ್ತು ಹಾಕ್ತೇನಿ” ಎಂದು ವೆಂಕಣ್ಣ ಅನ್ನುವಷ್ಟರಲ್ಲಿ ಫ್ಯಾಕ್ಟರಿಯ ಶಿಪಾಯಿ ಲಗಮಣ್ಣ ಹಿತ್ತಲ ಬಾಗಿಲಿನಿಂದ ಕೂಗಿದ: “ದಿವಾನಜೀ, ಮುಂಬೈ ಪೆಟಗಿ ಬಂದೈತ್ರಿ! ಸಾವ್ಕಾರ್ರು ಕರಿಯಾಕ ಹತ್ಯಾರ. ಇದ್ದಂಗ ಬರ್ರಿ!”

ವೆಂಕಣ್ಣ ಕೈ ಬಿಟ್ಟು ಗೂಟದ ಕೋಟಿಗೆ ಓಡಿದ. ಧೋತರದ ಅವನ ತುದಿ ಮಣ್ಣಿಗೆ ಬಿತ್ತು.

*

ಅದು ಎಪ್ಪತ್ತಾರನೇ ಇಸವಿಯ ಹತ್ತಿ ಸುಗ್ಗಿ. ಫ್ಯಾಕ್ಟರಿಯ ಮುಂದೆ ವರಲಕ್ಷ್ಮಿ ತಳಿಯ ಹತ್ತಿಯ ಗಾಡಿಗಳು ಕಿತ್ತೂರಿನ ರಸ್ತೆಯವರೆಗೆ ನಿಂತಿದ್ದವು. ಸಾವ್ಕಾರರು ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ಮಾಲಕನೊಬ್ಬ ಗಾದಿಯ ಮೇಲೆ ಕೂತು ಪೆಟ್ಟಿಗೆಯೊಡನೆ ಮಾತಾಡುವುದನ್ನು ನೋಡಿ ಬಂದಿದ್ದರು. ಆವತ್ತಿನಿಂದ ಅವರಿಗೆ ಮನುಷ್ಯರೊಡನೆ ಮಾತಾಡುವುದು ಹಗುರವೆನಿಸಿತ್ತು. ಅಲ್ಲಿಯತನಕ ಫ್ಯಾಕ್ಟರಿಯ ಸುದ್ದಿಯೆಲ್ಲ ಲಗಮಣ್ಣನ ಕಾಲಿನ ಮೇಲೆ ಓಡಾಡುತ್ತಿತ್ತು. ಅವನು ಹಾದಿಯಲ್ಲಿ ಚಹಾ ಕುಡಿದರೆ ಸುದ್ದಿಯೂ ಚಹಾ ಕುಡಿದೇ ಬರುತ್ತಿತ್ತು.

ಮುಂಬೈಯಿಂದ ಬಂದದ್ದು ಮಾತಿನ ಪೆಟ್ಟಿಗೆಗಳು, ನಾಲ್ಕು. ಒಂದು ಸಾವ್ಕಾರರ ಗಾದಿಗೆ, ಒಂದು ಫ್ಯಾಕ್ಟರಿಗೆ ಹತ್ತಿದ್ದ ಅವರ ಮನೆಯ ಅಡಿಗೆಮನೆಗೆ, ಒಂದು ಹತ್ತಿ ತೂಗುವ ಕಾಟಾದ ಛಪ್ಪರಕ್ಕೆ, ಒಂದು ವೆಂಕಣ್ಣನ ಕೋಣೆಗೆ. ಬೇಕಾದವರ ನಂಬರು ಒತ್ತಿ ಕರೆದು, ಗುಂಡಿ ಒತ್ತಿ ಹಿಡಿದು ಮಾತಾಡಬೇಕು; ಕೇಳುವುದಕ್ಕೆ ಏನನ್ನೂ ಒತ್ತಬೇಕಿಲ್ಲ. ಈ ನಾಲ್ಕಕ್ಕೂ ಸೇರಿ ಒಂದು ತಾಯಿಪೆಟ್ಟಿಗೆ. ಅದರ ಮುಚ್ಚಳ ತೆಗೆದರೆ ಒಳಗೊಂದು ಹಸಿರು ಹಲಗೆ, ಹಲಗೆಯ ಮೇಲೆ ಸಾಲುಸಾಲು ಸಣ್ಣ ಮುಳ್ಳುಗಳು, ಆ ಮುಳ್ಳುಗಳಿಗೆ ತೊಡಿಸಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ಟೊಪ್ಪಿಗೆಗಳು. ಒಂದೊಂದು ಪೆಟ್ಟಿಗೆಗೆ ಒಂದೊಂದು ಸಾಲು; ಆ ಸಾಲಿನ ಎಷ್ಟನೇ ಮುಳ್ಳಿಗೆ ಟೊಪ್ಪಿಗೆ ತೊಡಿಸುತ್ತೀರೋ ಅದು ಆ ಪೆಟ್ಟಿಗೆಯ ನಂಬರು. ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ನಂಬರು ಇರತಕ್ಕದ್ದೆಂದು ಜೊತೆಗೆ ಬಂದ ಇಂಗ್ಲಿಷ್ ಕಾಗದದಲ್ಲಿ ಕರಿಯ ದಪ್ಪ ಅಕ್ಷರದಲ್ಲಿ ಬರೆದಿತ್ತು.

“ದಿವಾನಜಿ, ನೀವು ಇಂಗ್ಲೀಷ ಕಲ್ತವ್ರು” ಎಂದರು ಸಾವ್ಕಾರರು. “ಇವತ್ತ ಇದನ್ನ ಮಾತಾಡಿಸ್ರಿ. ಮಾತಾಡ್ತಂದ್ರ ನಾಳಿಂದ ನೀವು ಮ್ಯಾನೇಜರ. ನೋಡ್ರಿಲ್ಲೆ, ಬೋರ್ಡ ಸುದ್ದಾ ಬರಸೇನಿ.”

ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಸಾವ್ಕಾರರು ಹೊಸ ಹಲಗೆಗೆ ದುಡ್ಡು ಹಾಕುವ ಮನುಷ್ಯರಲ್ಲ. ‘ಬೀಡಿ ಸಿಗರೇಟ ಸೇದಬಾರದು’ ಎಂಬ ಹಳೆಯ ಬೋರ್ಡಿನ ಬೆನ್ನಿಗೇ ‘ಮ್ಯಾನೇಜರ’ ಎಂದು ಬರೆಸಿದ್ದರು. ವೆಂಕಣ್ಣನಿಗೆ ಆ ಅಕ್ಷರ ಕಂಡು ಕಣ್ಣು ತುಂಬಿ ಬಂತು. ಕೋಟಿನ ಮೇಲೆ ಕೈಯಿಟ್ಟು ಒಳಗಿನ ಕಾಗದವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಸಂಜೆಯ ರಾಮದುರ್ಗದ ಬಸ್ಸಿಗೇ ಅಂಚೆ ಹೋಗುತ್ತದೆ!

ಅವನು ಶಾಸ್ತ್ರಪ್ರಕಾರವೇ ಶುರು ಮಾಡಿದ. ಗಾದಿಗೆ ಒಂದು, ಅಡಿಗೆಮನೆಗೆ ಎರಡು, ಕಾಟಾಕ್ಕೆ ಮೂರು, ತನಗೆ ನಾಲ್ಕು. ಹಾಗೆಂದು ಎಲ್ಲರಿಗೂ ತಿಳಿಸಿ ಬರಲು ಹೊರಟ. ಅದೇ ತಪ್ಪಾಯಿತು.

ಅಡಿಗೆಮನೆಯಲ್ಲಿ ಸಾವ್ಕಾರರ ತಾಯಿ ಸಾವಿತ್ರೆವ್ವ ಕೂತಿದ್ದರು. “ನನಗ ಎಷ್ಟನೇದು ಕೊಟ್ಟಿಯೋ ವೆಂಕಣ್ಣ?”

“ಎರಡನೇದರಿ, ಅವ್ವಾರ.”

“ಎರಡನೇದು?” ಅವರು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟರು. “ಈ ಮನಿಗಿ ನಾ ಏನ ಎರಡನೇ ಸಂಬಂಧದಾಕಿ ಆಗಿ ಬಂದೇನೇನೋ? ಎರಡನೇದು ಕೊಡಾಕ ನಾ ಏನ ಸವತಿ?”

ವೆಂಕಣ್ಣ ಓಡಿ ಬಂದು ಸಾವ್ಕಾರರಿಗೆ ಹೇಳಿದ. “ಅವ್ವಗ ಒಂದನ ಕೊಡ್ರಿ” ಎಂದರು ಅವರು ಗಾಬರಿಯಿಂದ. “ಆದ್ರ ನಂದೂ ಒಂದ ಇರ್ಲಿ. ನಾಳೆ ಗಿರಾಕಿ ಮುಂದ ಮಾಲಕಂದು ಎರಡ ಅಂತಂದ್ರ ಚಂದ ಕಾಣತೈತೇನ?”

ಕಾಟಾದ ಛಪ್ಪರದಲ್ಲಿ ಭರಮಪ್ಪನಿದ್ದ. ಸಾವ್ಕಾರರ ಅಪ್ಪನ ಕಾಲದಿಂದ ತಕ್ಕಡಿ ಹಿಡಿದ ಮನುಷ್ಯ. ಮೂರು ಎಂಬ ಮಾತು ಕೇಳಿದವನೇ ತೂಕದ ಕಲ್ಲನ್ನು ಕೆಳಗಿಟ್ಟು, ತಲೆಗೆ ಸುತ್ತಿದ ಪಟಕ ಬಿಚ್ಚಿ ಝಾಡಿಸಿದ. “ಮೂರ? ದಿವಾನಜಿ, ನಾ ತೂಗಿದ್ರ ಜಿನ್ನ ತಿರಗತೈತಿ. ನಾ ಕುಂತ್ನೆಂದ್ರ ಎಲ್ಲಾರೂ ಕುಂತ್ರಿ. ಕೊಡ್ರಿ ಆ ಮೂರ ಯಾರಿಗೆ ಬೇಕೋ ಅವರಿಗೆ, ನಾ ಚಚಡಿಗೆ ನಮ್ಮ ಬೀಗರ ಮನಿಗಿ ಹೋಗಿ ನಾಕ ದಿನ ಇದ್ದ ಬರತೇನಿ.” ಹೊರಗೆ ಗಾಡಿಯ ಎತ್ತುಗಳೆಲ್ಲ ವೆಂಕಣ್ಣನ ಕಡೆಗೇ ನೋಡುತ್ತಿದ್ದಂತೆ ಅವನಿಗೆ ಅನಿಸಿತು.

ವೆಂಕಣ್ಣ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ತಾಯಿಪೆಟ್ಟಿಗೆಯ ಮುಂದೆ ಕೂತ. ಇಂಗ್ಲಿಷ್ ಕಾಗದವನ್ನು ಮತ್ತೊಮ್ಮೆ ಓದಿದ. ಅದನ್ನು ಬರೆದ ಮುಂಬೈಯವರು ದೊಡ್ಡ ಇಂಜಿನಿಯರರೇ ಇದ್ದಾರು. ಆದರೆ ಅವರು ಸಾವಿತ್ರೆವ್ವನನ್ನು ನೋಡಿರಲಿಲ್ಲ. ಕಾಗದ ಬೇರೆ ಬೇರೆ ಎನ್ನುತ್ತದೆ, ಮನುಷ್ಯರು ಒಂದು ಎನ್ನುತ್ತಾರೆ. ಕಾಗದಕ್ಕೆ ಸಿಟ್ಟು ಬರುವುದಿಲ್ಲ, ಮನುಷ್ಯರಿಗೆ ಬರುತ್ತದೆ. ವೆಂಕಣ್ಣ ಟೊಪ್ಪಿಗೆಗಳನ್ನು ಒಂದೊಂದಾಗಿ ಕಿತ್ತು ಗಾದಿಗೂ ಒಂದು, ಅಡಿಗೆಮನೆಗೂ ಒಂದು, ಕಾಟಾಕ್ಕೂ ಒಂದು ಮಾಡಿದ. ನಾಳೆ ಮ್ಯಾನೇಜರನಾಗುವವನು ನಾಲ್ಕರಲ್ಲಿ ಕೂಡುವುದು ಬೋರ್ಡಿಗೆ ಅವಮಾನವೆಂದು ತನ್ನದನ್ನೂ ಒಂದಕ್ಕೇ ತಂದ. ಹೀಗೆ ಮುಂಜಾನೆ ಧೋತರ ಹಿಂಡಿದ ರೀತಿಯಲ್ಲೇ ಯಂತ್ರವೂ ತಯಾರಾಯಿತು.

*

ಮೊದಲ ಮಾತಿನ ಮಾನ ಸಾವ್ಕಾರರದು. ಗಾದಿಯ ಮೇಲೆ ಲೋಡಿಗೆ ಒರಗಿ, ಸಿಗರೇಟು ಹಚ್ಚಿ, ಒಂದನೇ ನಂಬರು ಒತ್ತಿದರು. “ಹಲೋ! ಭರಮಪ್ಪ! ಎಷ್ಟ ಗಾಡಿ ಆದುವೋ?”

ಪೆಟ್ಟಿಗೆಯೊಳಗಿಂದ ಬಂದದ್ದು ತಾಯಿಯ ದನಿ. “ಭರಮಪ್ಪ ನನ್ನ ಅಡಿಗಿ ಮನ್ಯಾಗ ಯಾಕ ಇರತಾನೋ ರಾಮಲಿಂಗ?”

ಸಾವ್ಕಾರರು ಧಡಕ್ಕನೆ ಎದ್ದು ನಿಂತು ಸಿಗರೇಟನ್ನು ಬೆನ್ನ ಹಿಂದೆ ಮಾಡಿದರು. ಹರೆಯದಿಂದಲೂ ತಾಯಿಗೆ ಕಾಣದಂತೆ ಸೇದುತ್ತ ಬಂದ ಮನುಷ್ಯ. ಪೆಟ್ಟಿಗೆಗೆ ಕಣ್ಣಿದೆಯೋ ಇಲ್ಲವೋ ಎಂದು ವಿಚಾರಿಸುವಷ್ಟು ಪುರಸೊತ್ತು ಅವರಿಗೆ ಆಗಲಿಲ್ಲ. ಉಟ್ಟ ಧೋತರಕ್ಕೊಂದು ತೂತು ಬಿತ್ತು.

“ನಲವತ್ತ ಗಾಡಿ ಆದುವ್ರಿ, ಅವ್ವಾರ” ಎಂದು ಅದೇ ಪೆಟ್ಟಿಗೆಯಿಂದ ಭರಮಪ್ಪನ ದನಿ ಬಂತು.

“ನನಗ್ಯಾಕ ಹೇಳ್ತಿ ಮಾರಾಯಾ!” ಎಂದರು ಸಾವಿತ್ರೆವ್ವ.

ಆದರೂ ಪೆಟ್ಟಿಗೆ ಮಾತಾಡಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಸ್ವಲ್ಪ ಹೆಚ್ಚೇ ಮಾತಾಡಿತ್ತು, ಅಷ್ಟೆ. ವೆಂಕಣ್ಣ ತನ್ನ ಕೋಣೆಯಲ್ಲಿ ಪೆನ್ನಿಗೆ ಮಸಿ ತುಂಬಿ, ಹೆಸರಿನ ಕೆಳಗೆ ‘ಮ್ಯಾ’ ಎಂದು ಬರೆಯಲು ಕೈ ಎತ್ತಿದ. ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಬಾಯಿ ಬಿಟ್ಟಿತು.

ಸಾವಿತ್ರೆವ್ವ ಉತ್ತರ ಕೊಡುವಾಗ ಗುಂಡಿಯನ್ನು ಒತ್ತಿದ್ದು ರೊಟ್ಟಿ ಬಡಿಯುವ ಕೈಯಿಂದ. ಜೋಳದ ಹಿಟ್ಟು ಮೆತ್ತಿಕೊಂಡು ಗುಂಡಿ ಒಳಗೇ ಕೂತುಬಿಟ್ಟಿತ್ತು. ಅತ್ತ ಕಾಟಾದಲ್ಲಿ ಭರಮಪ್ಪ, ಒತ್ತಿ ಹಿಡಿದುಕೊಂಡು ನಿಲ್ಲಲು ಯಾರಿಗೆ ಪುರಸೊತ್ತೆಂದು, ಗುಂಡಿಯ ಮೇಲೆ ತೂಕದ ಸಣ್ಣ ಕಲ್ಲೊಂದನ್ನು ಇಟ್ಟು ತನ್ನ ಕೆಲಸಕ್ಕೆ ಹತ್ತಿದ್ದ.

“ಇನ್ನೊಂದ ಹಾಕ” ಎಂದಿತು ಪೆಟ್ಟಿಗೆ. ಸಾವಿತ್ರೆವ್ವ ಹೇಳಿದ್ದು ಹಂಚಿನ ಮುಂದೆ ಕೂತ ಹೆಣ್ಣುಮಗಳಿಗೆ. ಕಾಟಾದ ಹಮಾಲರು ಒಬ್ಬರ ಮುಖ ಒಬ್ಬರು ನೋಡಿ ತಕ್ಕಡಿಗೆ ಹತ್ತಿ ತುಂಬಿದ ಇನ್ನೊಂದು ಅಂಡಗಿ ಚೀಲ ಹಾಕಿದರು. ಯಜಮಾನ್ತಿಯ ಮಾತು, ಮೀರುವ ಹಾಗಿಲ್ಲ.

“ಎಷ್ಟ ಸಾವಕಾಶ ಮಾಡತಿ? ಹಾಕ ಮತ್ತೊಂದ!” ಹಮಾಲರು ಮತ್ತೊಂದು ಹಾಕಿದರು. ತಕ್ಕಡಿ ನರಳಿತು.

ಆಮೇಲೆ ಬಂತು ಹತ್ತಿ ಫ್ಯಾಕ್ಟರಿಯಲ್ಲಿ ಯಾರೂ ಆಡಬಾರದ ಮಾತು. “ಅಯ್ಯ, ಸುಡಾಕ ಹತ್ತೇತಿ ನೋಡಬೇ! ನೀರ ಹಚ್ಚ! ಮಾರಿ ಏನ ನೋಡತಿ, ಲಗೂನ ನೀರ ಹಚ್ಚ!”

ಹಂಚಿನ ಮೇಲಿನ ರೊಟ್ಟಿಗೆ ನೀರು ಹಚ್ಚದ ಮನೆ ಈ ಸೀಮೆಯಲ್ಲಿಲ್ಲ. ಆದರೆ ಹತ್ತಿಯ ರಾಶಿಯ ನಡುವೆ ನಿಂತವರಿಗೆ ರೊಟ್ಟಿ ನೆನಪಾಗುವುದಿಲ್ಲ. “ಬೆಂಕಿ! ಬೆಂಕಿ!” ಎಂದು ಭರಮಪ್ಪ ಪಟಕ ಬಿಟ್ಟು ಓಡಿದ. ಹಮಾಲರು ನೀರಿನ ಹೌದಿಗೆ ಹಾರಿದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ನಿಂತಿತು. ಹೊಲಕ್ಕೆ ಹೊರಟವರು, ನೀರಿಗೆ ಬಂದವರು, ಓಣಿಯ ಹೆಂಗಸರು, ಎಲ್ಲರೂ ಕೊಡ ಎತ್ತಿಕೊಂಡು ಒಳಗೆ ನುಗ್ಗಿ, ಬೆಂಕಿ ಎಲ್ಲಿದೆ ಎಂದು ಕೇಳುವ ಮೊದಲೇ ನೀರು ಚೆಲ್ಲಿದರು. “ಹೊಗಿ ಎಲ್ಲೈತಿ?” ಎಂದು ಒಬ್ಬಾಕೆ ಕೇಳಿದ್ದಕ್ಕೆ ಇನ್ನೊಬ್ಬಾಕೆ, “ನಾವು ಬಂದೇವಲ್ಲ, ಇನ್ನೆಲ್ಲಿ ಹೊಗಿ!” ಎಂದು ಹೆಮ್ಮೆಯಿಂದ ಹೇಳಿದಳು.

ಕಿಟಕಿಗೆ ಓಡಿದ ವೆಂಕಣ್ಣನಿಗೆ ಬೆಂಕಿ ಕಾಣಲಿಲ್ಲ. ಅದಕ್ಕಿಂತ ಹೆಚ್ಚಿನದು ಕಂಡಿತು. ಗೇಟಿನಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆ, ಕಂಕುಳಲ್ಲಿ ಕೊಡೆ ಹಿಡಿದು ರಾಮದುರ್ಗದ ನೀಲಕಂಠ ಮಾಸ್ತರರು ನಿಂತಿದ್ದರು. ಕಾಗದದ ದಾರಿ ಕಾದು ಕಾದು ಬೇಸತ್ತು ತಾವೇ ಬಂದಿದ್ದರು.

“ಇಲ್ಲೆ ಮ್ಯಾನೇಜರ ಸಾಹೇಬರ ಖೋಲಿ ಎಲ್ಲೆ ಅದ?” ಎಂದು ಅವರು ಲಗಮಣ್ಣನನ್ನು ಕೇಳಿದರು.

ಬಕೆಟ್ಟು ಹಿಡಿದು ಓಡುತ್ತಿದ್ದ ಲಗಮಣ್ಣ ನಿಂತ. ಖರೇ ಮಾತಾಡುವುದು ಅವನ ಚಟ. “ಮ್ಯಾನೇಜರಂದು ಬೋರ್ಡ ಬಂದೈತ್ರಿ, ಮನಷ್ಯಾ ಇನ್ನೂ ಬಂದಿಲ್ಲ.”

ಮಾಸ್ತರರು ಅದಕ್ಕೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಬಾಯವ್ವ ಹಿಂದಿನಿಂದ ಒಂದು ಕೊಡ ನೀರನ್ನು ಅವರ ಮೇಲೆ ಸುರಿದು, “ಬಿಳಿದ ಕಂಡ್ತು, ಹತ್ತಿ ಅಂದ್ನಿ” ಎಂದು ಮುಂದೆ ಹೋದಳು.

ಅಂದು ಸುಟ್ಟದ್ದು ಒಂದು ರೊಟ್ಟಿ. ತೋಯ್ದದ್ದು ಒಂದು ರಾಶಿ ಹತ್ತಿ, ಎಂಟು ಹತ್ತು ಹಮಾಲರು, ಮತ್ತು ಒಬ್ಬ ಬೀಗರು.

*

ಸಾವ್ಕಾರರು ವೆಂಕಣ್ಣನ ಕೋಣೆಯ ಬಾಗಿಲಿಗೆ ಬಂದು ನಿಂತರು. “ಒಂದನೇ ನಂಬರ ಯಾರಿಗೆ ಕೊಟ್ಟೀರಿ, ದಿವಾನಜಿ?”

“ಎಲ್ಲಾರಿಗೂ ಕೊಟ್ಟೇನ್ರಿ.”

“ಎಲ್ಲಾರಿಗೂ ಯಾಕ ಕೊಟ್ರಿ?”

“ಎಲ್ಲಾರೂ ಕೇಳಿದ್ರಲ್ಲರಿ.”

ಕೇಳಿದವರಲ್ಲಿ ಸಾವ್ಕಾರರೂ ಒಬ್ಬರು. ತಲೆ ಹಿಡಿದುಕೊಂಡು ಗಾದಿಗೆ ಹೋದರು. ಅದೇ ಹೊತ್ತಿಗೆ ಇಂದಿರಾಬಾಯಿ, ಜನ ಓಡುವುದನ್ನು ಕಂಡು, ಊಟದ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಬಂದಳು. ಡಬ್ಬಿ ಇಡಲು ಮೇಜಿನ ಮೇಲೆ ಜಾಗ ಸಿಗದೆ ಅದನ್ನು ಮಾತಿನ ಪೆಟ್ಟಿಗೆಯ ಮೇಲೆಯೇ ಇಟ್ಟಳು. ಗುಂಡಿ ಒತ್ತಿಕೊಂಡಿತು.

“ಇಂದಿರಾ, ಮಾಸ್ತರ ಬಂದಾರ!” ವೆಂಕಣ್ಣ ಕೋಣೆಯ ಮೂಲೆಗೆ ಒಟ್ಟಿದ್ದ ಅಂಡಗಿಗಳ ಸಂದಿಯಲ್ಲಿ ಕೂಡಲು ಜಾಗ ಹುಡುಕುತ್ತಿದ್ದ. “ನಾ ಕಿತ್ತೂರಿಗೆ ಹೋಗೇನಿ ಅಂತ ಹೇಳಿಬಿಡು.”

“ಯಾಕ್ರಿ? ಬಂದವರಿಗೆ ಕಾಗದ ಕೈಯಾಗ ಕೊಟ್ಟುಬಿಡ್ರಿ!”

“ಏನಂತ ಸಹಿ ಮಾಡಿ ಕೊಡ್ಲಿ? ಮ್ಯಾನೇಜರ ಅಂತ ಹೇಳಿ ಕುಂತೇನಿ. ನಾ ದಿವಾನಜಿ. ಹುಟ್ಟಿದಾಗಿಂದ ದಿವಾನಜಿ! ಇವತ್ತ ಒಂದು ದಿವಸ ತಡದಿದ್ರ ಖರೇನ ಮ್ಯಾನೇಜರ ಆಗ್ತಿದ್ದೆ, ರೊಟ್ಟಿ ಸುಟ್ಟಿತು. ಅವರು ಹೆಡ್‌ಮಾಸ್ತರು, ತೂಕದ ಮಂದಿ. ಸುಳ್ಳ ಹೇಳಿದವನ ಮಗಳನ್ನ ಒಯ್ತಾರೇನು? ಮುನವಳ್ಳಿಯವರನ್ನ ಮಾಡ್ಕೋತಾರ. ನನ್ನ ಒಂದು ಶಬ್ದಕ್ಕ ತಾರಾ ಹಾಡೋದು ನಿಂತ್ರ ನಾ ಆ ಮನ್ಯಾಗ ಹೆಂಗ ಊಟ ಮಾಡ್ಲಿ?”

ಹೇಳುತ್ತಿದ್ದವನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಜಿನ್ನು ನಿಂತ ಆ ನಿಶ್ಶಬ್ದದಲ್ಲಿ ತನ್ನ ದನಿ ಗಾದಿಯಿಂದಲೂ, ಛಪ್ಪರದಿಂದಲೂ, ಅಡಿಗೆಮನೆಯಿಂದಲೂ ತಿರುಗಿ ಬಂದು ಕಿವಿಗೆ ಬೀಳುತ್ತಿತ್ತು. ಇಂದಿರಾಬಾಯಿ ಮೆಲ್ಲಗೆ ಡಬ್ಬಿ ಎತ್ತಿದಳು. ಏನು ಉಪಯೋಗ! ಹೊರಗೆ ಕೊಡ ಹಿಡಿದ ಹೆಂಗಸರೆಲ್ಲ ನಿಂತು ಕೇಳುತ್ತಿದ್ದರು.

ಪೆಟ್ಟಿಗೆ ಕರಕರ ಎಂದಿತು. ಕಾಟಾದ ಕಲ್ಲು ಇನ್ನೂ ಗುಂಡಿಯ ಮೇಲೆಯೇ ಇತ್ತು. ತೊಯ್ದ ಮಾಸ್ತರರನ್ನು ಭರಮಪ್ಪ ಛಪ್ಪರಕ್ಕೆ ಕರೆದೊಯ್ದು, ತನ್ನ ಒಣ ಧೋತರ ಉಡಿಸಿ, ಹತ್ತಿಯ ಮೂಟೆಯ ಮೇಲೆ ಕೂಡಿಸಿದ್ದ.

“ಅಯ್ಯ ಪಾಪ” ಎಂದಿತು ಮಾಸ್ತರರ ದನಿ. “ಮನಷ್ಯಾ ಎಷ್ಟು ಹೆದರ್ಯಾರಲ್ಲೋ ಭರಮಪ್ಪ! ನಾ ಯಾವ ಹೆಡ್‌ಮಾಸ್ತರ? ಹೆಡ್‌ಮಾಸ್ತರ ರಜಾ ಹಾಕಿದಾಗ ನಾ ಆ ಖುರ್ಚಿ ಮ್ಯಾಲೆ ಕೂಡ್ತೇನಿ. ಅವ ರಜಾನ ಹಾಕೂದಿಲ್ಲ, ಧಾಂಡಿಗ ಆರೋಗ್ಯ! ಕಾಗದ ಬರ್ಲಿಲ್ಲಂದ ಕೂಡಲೆ ನನಗ ನಿದ್ದಿ ಹತ್ತಲಿಲ್ಲ ನೋಡು. ಬೈಲಹೊಂಗಲದ ಮ್ಯಾನೇಜರರಿಗೆ ನನ್ನ ಸುಳ್ಳ ಗೊತ್ತಾತು, ಹುಡುಗೀನ ಕೊಡೂದಿಲ್ಲ ಅಂತ ತಿಳದೆ. ಕಾಲಿಗೆ ಬಿದ್ದಾದ್ರೂ ಕೇಳೂಣಂತ ಬಂದೇನಿ.”

ವೆಂಕಣ್ಣ ಅಂಡಗಿಗಳ ಸಂದಿಯಿಂದ ತಲೆ ಹೊರಗೆ ಹಾಕಿದ. ಅವನ ಮೀಸೆಗೆಲ್ಲ ಹತ್ತಿ. ಪೆಟ್ಟಿಗೆಯ ಹತ್ತಿರ ಬಂದು ತಾನೇ ಗುಂಡಿ ಒತ್ತಿದ. “ಮಾಸ್ತರ, ಕೇಳಿಸ್ತದೇನ್ರಿ?”

“ಊರಿಗೆಲ್ಲಾ ಕೇಳಿಸ್ತದ್ರಿ, ಮ್ಯಾನೇಜರ!”

“ದಿವಾನಜಿ ಅನ್ರಿ.”

“ಹಂಗಾದ್ರ ನನಗೂ ಬರೇ ಮಾಸ್ತರ ಅನ್ರಿ!”

ನಡುವೆ ಸಾವಿತ್ರೆವ್ವನ ದನಿ ಬಂತು. “ಇಬ್ಬರೂ ಸುಳ್ಳ ಹೇಳೀರಿ, ಇಬ್ಬರೂ ಸರಿ ಜೋಡಾದ್ರಿ. ಬರ್ರಿ, ಚಹಾ ಇಟ್ಟೇನಿ. ರಾಮಲಿಂಗ, ನೀನೂ ಆ ಸಿಗರೇಟ ಒಗದ ಬಾ. ಧೋತರ ಸುಟ್ಟ ವಾಸನಿ ಇಲ್ಲಿಗಿ ಬರಾಕ ಹತ್ತೇತಿ.”

*

ಚಹಾ ಕುಡಿಯುವಾಗ ಸಾವ್ಕಾರರು ಸಂಕೋಚದಿಂದ, “ಬೋರ್ಡ ಹಾಕಿಸಲೇನ್ರಿ?” ಎಂದು ಕೇಳಿದರು.

“ಬ್ಯಾಡ್ರಿ” ಎಂದ ವೆಂಕಣ್ಣ. “ದಿವಾನಜಿ ಅಂದ್ರ ನಿದ್ದೀಗಣ್ಣಾಗೂ ಓ ಅಂತೇನಿ. ಮ್ಯಾನೇಜರ ಅಂದ್ರ ಹೊಳ್ಳಿ ನೋಡ್ತೇನಿ, ಯಾರ ಬಂದ್ರು ಅಂತ.” ಅವನು ತನ್ನ ಕಡೆ ತಿರುವಿದ್ದು ಇಷ್ಟು ದಿನದಲ್ಲಿ ಇದೇ ಮೊದಲು; ಇಂದಿರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೋರ್ಡನ್ನು ಸಾವಿತ್ರೆವ್ವ ತಾವೇ ನಿಂತು ಗಾದಿಯ ಎದುರಿಗೆ ಹೊಡೆಸಿದರು, ಹಳೆಯ ಮಗ್ಗುಲು ಮುಂದೆ ಮಾಡಿ.

ನಂಬರಿನ ಜಗಳವನ್ನೂ ಅವರೇ ಹರಿದರು. “ನನಗ ಕಡೀದು ಕೊಡೋ ವೆಂಕಣ್ಣ. ಹಿರೇರು ಕಡೀಕ ಉಣತಾರ” ಎಂದರು. ಅದನ್ನು ಕೇಳಿದ್ದೇ ತಡ, ಸಾವ್ಕಾರರು ತಮಗೂ ಕಡೆಯದೇ ಇರಲಿ ಎಂದರು. ಭರಮಪ್ಪ, ದೊಡ್ಡವರೆಲ್ಲ ನಾಲ್ಕು ತಗೊಂಡರೆ ತಾನೊಬ್ಬ ಮೂರಾಗಲು ಏನು ತಪ್ಪು ಮಾಡಿದ್ದೇನೆಂದು ಮತ್ತೆ ಪಟಕ ಝಾಡಿಸಿದ. ವೆಂಕಣ್ಣ ಹಿತ್ತಾಳೆಯ ಟೊಪ್ಪಿಗೆಗಳನ್ನೆಲ್ಲ ಕಿತ್ತು ಪೊಟ್ಟಣ ಕಟ್ಟಿದ. ಲಗಮಣ್ಣ ಬೀದಿಯಲ್ಲಿ ಚಹಾ ಕುಡಿದು ಬಂದು ಸುದ್ದಿ ಒಯ್ಯಲು ಸಿದ್ಧನಾಗಿ ನಿಂತ.

ಸಂಜೆ ಗಂಡ ಹೆಂಡತಿ ಬಸ್ ಸ್ಟ್ಯಾಂಡಿಗೆ ಮಾಸ್ತರರನ್ನು ಕಳಿಸಲು ಹೋದಾಗ ವೆಂಕಣ್ಣ ಒಳಕಿಸೆಯಿಂದ ಕಾಗದ ತೆಗೆದು ಮುಂದೆ ಹಿಡಿದ. ಮಾಸ್ತರರು ಕೈ ಹಿಂದೆ ಕಟ್ಟಿಕೊಂಡರು.

“ಕೈಯಾಗ ಬ್ಯಾಡ್ರಿ! ನಮ್ಮ ಮನ್ಯಾಗ ಅಂಚಿಯವನ ದಾರಿ ನೋಡ್ಕೋತ ಕುಂತಾರ. ನಾ ಒಯ್ದು ಕೊಟ್ರ, ಬೇಡಿ ತಂದ ಅಂತಾರ. ಅಂಚಿಗೆ ಹಾಕ್ರಿ, ಠಸ್ಸೆ ಬೀಳ್ಲಿ, ಮಾನದಿಂದ ಬರ್ಲಿ.” ಎಂದವರೇ, ಓದಲು ಏನೂ ಇಲ್ಲದ ಗೋಡೆಯನ್ನು ಓದುತ್ತ ಆ ಕಡೆ ಮುಖ ಮಾಡಿ ನಿಂತರು.

ವೆಂಕಣ್ಣ ಕಾಗದವನ್ನು ಮೊಣಕಾಲಿನ ಮೇಲಿಟ್ಟು ಪೆನ್ನು ತೆಗೆದ. ಹೆಸರಿನ ಕೆಳಗೆ ಇಷ್ಟು ದಿನ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ತಾರಾನ ತಂದೆ’ ಎಂದು ಬರೆದ. ಜಾಗ ಸರಿಯಾಗಿ ಹಿಡಿಯಿತು. ಇಂದಿರಾಬಾಯಿ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ನಾಲ್ಕು ಮೂಲೆಗೂ ಹೊಸದಾಗಿ ಹಚ್ಚಿದಳು. ಅಂಚೆಯ ಕೆಂಪು ಡಬ್ಬಿಯಲ್ಲಿ ಕಾಗದ ಬಿದ್ದ ಸಪ್ಪಳ ಕೇಳಿದ ಮೇಲೂ ವೆಂಕಣ್ಣ ಕೈ ಹಾಕಿ ಹಾಕಿ ನೋಡಿದ, ಎಲ್ಲಿ ಸಿಕ್ಕಿಕೊಂಡಿದೆಯೋ ಎಂದು.

ಅಷ್ಟರಲ್ಲಿ ಅಂಚೆಯವನು ಬಂದು ಡಬ್ಬಿ ಬರಿದು ಮಾಡಿ, ಚೀಲ ಕಟ್ಟಿ, ರಾಮದುರ್ಗದ ಬಸ್ಸಿನೊಳಗೆ ಒಗೆದ. ಚೀಲ ಉರುಳಿ ಹೋಗಿ ಮುಂದಿನ ಸೀಟಿನಲ್ಲಿ ಭರಮಪ್ಪನ ಧೋತರ ಉಟ್ಟು ಕೂತ ಮಾಸ್ತರರ ಕಾಲ ಹತ್ತಿರ ನಿಂತಿತು. ಬಸ್ಸು ಯರಗಟ್ಟಿಯ ದಾರಿ ಹಿಡಿಯಿತು. ಚೀಲ ಹೊರಳದಂತೆ ಮಾಸ್ತರರು ಅದನ್ನು ಎರಡೂ ಕಾಲುಗಳ ನಡುವೆ ಒತ್ತಿ ಹಿಡಿದು, ಒಳಗೆ ಏನಿದೆಯೆಂದು ತಮಗೆ ಏನೇನೂ ಗೊತ್ತಿಲ್ಲದವರ ಹಾಗೆ ಕಿಟಕಿಯ ಹೊರಗೆ ನೋಡುತ್ತ ಹೋದರು.